ಸಿಡಿಮದ್ದಿಲ್ಲದ ತೈಲ ಸರ್ವೆ: ನೆಲ ತಾನಾಗಿ ನಡುಗುವುದನ್ನು ಅಳೆಯುವ ಬಗೆ

ತೈಲ ಹುಡುಕುವವರು ಸಾಮಾನ್ಯವಾಗಿ ನೆಲವನ್ನು ಬಡಿದು ನೋಡುತ್ತಾರೆ, ಹಲಸಿನ ಹಣ್ಣನ್ನು ತಟ್ಟಿ ಸದ್ದಿನ ಮೇಲೆ ಮಾಗಿದೆಯೇ ಎಂದು ಹೇಳುವ ಹಾಗೆ. ಗುಂಡಿ ಕೊರೆದು ಸಿಡಿಮದ್ದು ಸಿಡಿಸುತ್ತಾರೆ, ಇಲ್ಲವೇ ವೈಬ್ರೇಟರ್ ಲಾರಿಯ ತಟ್ಟೆಯನ್ನು ನೆಲಕ್ಕೆ ಒತ್ತಿ ನಡುಗಿಸುತ್ತಾರೆ, ಸಮುದ್ರದಲ್ಲಾದರೆ ಒತ್ತಿಟ್ಟ ಗಾಳಿಯನ್ನು ನೀರಿಗೆ ಸಿಡಿಸುವ ಏರ್‌ಗನ್ ಬಳಸುತ್ತಾರೆ. ಕೆಳಗಿನ ಪದರಗಳಿಗೆ ಬಡಿದು ಮೇಲೆ ಬಂದ ಅಲೆಗಳಿಂದ ಚಿತ್ರ ಕಟ್ಟುತ್ತಾರೆ. ಪ್ಯಾಸಿವ್ ಸರ್ವೆಯಲ್ಲಿ ಈ ಬಡಿತ ಇರುವುದಿಲ್ಲ. ಸಮುದ್ರದ ಅಲೆ, ಗಾಳಿ, ರಸ್ತೆಯ ಲಾರಿ, ದೂರದ ಭೂಕಂಪ, ಬಾವಿಗೆ ನೀರು ತುಂಬಿದಾಗ ಬಿರಿಯುವ ಬಂಡೆ ಇವೆಲ್ಲ ಹುಟ್ಟಿಸುವ ಕಂಪನವನ್ನು ಸುಮ್ಮನೆ ದಾಖಲಿಸಿಕೊಂಡು ಅದರಿಂದಲೇ ಮಾಹಿತಿ ಹಿಂಡಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಈ ವಿಧಾನ ತೈಲವನ್ನು ನೇರವಾಗಿ ತೋರಿಸುವುದಿಲ್ಲ. ಬಂಡೆಯಲ್ಲಿ ಅಲೆ ಎಷ್ಟು ವೇಗವಾಗಿ ಓಡುತ್ತದೆ, ಆ ವೇಗ ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತಿದೆ, ಬಂಡೆ ಎಲ್ಲಿ ಯಾವಾಗ ಬಿರಿಯಿತು, ಈ ಮೂರನ್ನು ಹೇಳುತ್ತದೆ. ಹೊಸ ನಿಕ್ಷೇಪ ಹುಡುಕಾಟದಲ್ಲಿ ಅದು ಸಹಾಯಕ ಮಾತ್ರ. ಈಗಾಗಲೇ ತೈಲ ತೆಗೆಯುತ್ತಿರುವ ಕ್ಷೇತ್ರದ ಮೇಲೆ ನಿಗಾ ಇಡುವ ಕೆಲಸದಲ್ಲಿ ಅದಕ್ಕೆ ಸಾಟಿಯಾದದ್ದು ಕಡಿಮೆ. ಈ ವ್ಯತ್ಯಾಸ ಮರೆತು ಹಣ ಸುರಿದವರೇ ಕೊನೆಗೆ ವಿಧಾನವನ್ನು ಬೈಯುವುದು.

ಎರಡು ಸೆನ್ಸರುಗಳ ನಡುವಿನ ಗುಟ್ಟು

ಬರೀ ಗದ್ದಲದಿಂದ ನೆಲದ ಒಳಗಿನ ಸುದ್ದಿ ಸಿಗುವುದು ಹೇಗೆ ಎಂಬ ಪ್ರಶ್ನೆಗೆ ಗಣಿತದ ದಾರಿ ತೋರಿಸಿದವರು ಅಮೆರಿಕದ ಭೂಭೌತವಿಜ್ಞಾನಿ ಜಾನ್ ಕ್ಲೇರ್‌ಬೌಟ್, 1968ರಲ್ಲಿ. ಎ ಮತ್ತು ಬಿ ಎಂಬ ಎರಡು ಸೆನ್ಸರುಗಳನ್ನು ಕೆಲವು ಕಿಲೋಮೀಟರ್ ದೂರದಲ್ಲಿ ಇಟ್ಟಿದ್ದೇವೆ ಎನ್ನಿ. ಎ ಮೇಲೆ ಹಾದ ಅಲೆ ಸ್ವಲ್ಪ ಹೊತ್ತಿನ ನಂತರ ಬಿ ಮೇಲೂ ಹಾಯುತ್ತದೆ. ಒಂದೊಂದು ಅಲೆಯನ್ನು ನೋಡಿದರೆ ಬರೀ ಗೋಜಲು. ಆದರೆ ದಿನಗಟ್ಟಲೆ ದಾಖಲೆಯನ್ನು ಕ್ರಾಸ್ ಕೋರಿಲೇಶನ್ ಮಾಡಿ (ಒಂದರ ದಾಖಲೆಯನ್ನು ಇನ್ನೊಂದರ ಮೇಲೆ ಹಿಂದೆ ಮುಂದೆ ಸರಿಸಿ, ಎಷ್ಟು ವಿಳಂಬದಲ್ಲಿ ಎರಡೂ ಹೊಂದುತ್ತವೆ ಎಂದು ನೋಡಿ) ಕೂಡಿಸುತ್ತಾ ಹೋದರೆ, ಎರಡಕ್ಕೂ ಸಮಾನವಾದ ವಿಳಂಬ ಮಾತ್ರ ಉಳಿದು ಮಿಕ್ಕದ್ದು ಒಂದನ್ನೊಂದು ಅಳಿಸಿಹಾಕುತ್ತದೆ. ಎ ಇದ್ದ ಜಾಗದಲ್ಲಿ ಸಿಡಿಮದ್ದು ಸಿಡಿಸಿ ಬಿ ಯಲ್ಲಿ ದಾಖಲಿಸಿದ್ದರೆ ಏನು ಬರುತ್ತಿತ್ತೋ ಸರಿಸುಮಾರು ಅದೇ ಕೈಗೆ ಬರುತ್ತದೆ. 2005ರಲ್ಲಿ ಶಪಿರೋ, ಕಾಂಪಿಯೋ ಮತ್ತು ಸಂಗಡಿಗರು ದಕ್ಷಿಣ ಕ್ಯಾಲಿಫೋರ್ನಿಯಾದ ಭೂಕಂಪನ ಕೇಂದ್ರಗಳ ಗದ್ದಲದಿಂದಲೇ ಅಲ್ಲಿನ ಭೂಪದರದ ನಕ್ಷೆ ತೆಗೆದ ಮೇಲೆ ತೈಲ ಉದ್ಯಮವೂ ಇದನ್ನು ಗಂಭೀರವಾಗಿ ತೆಗೆದುಕೊಂಡಿತು.

ಹೀಗೆ ಸಿಗುವುದು ಬಹುಮಟ್ಟಿಗೆ ಮೇಲ್ಮೈ ಅಲೆಗಳು. ಇವುಗಳ ಗುಣ ಏನೆಂದರೆ ಅಲೆಯುದ್ದ ಹೆಚ್ಚಿದಷ್ಟೂ ಆಳಕ್ಕೆ ಮುಟ್ಟುತ್ತವೆ. ಅಲೆಯುದ್ದದ ಮೂರನೇ ಒಂದು ಭಾಗ ಆಳ ಎಂದು ಹಿಡಿದುಕೊಂಡರೆ ಯೋಜನೆಗೆ ಸಾಕು. ಒಂದು ಲೆಕ್ಕ ಹಾಕಿ ನೋಡೋಣ. 1 ಕಿ.ಮೀ. ಆಳ ಬೇಕಾದರೆ 3 ಕಿ.ಮೀ. ಅಲೆಯುದ್ದ ಬೇಕು. ಅಲ್ಲಿ ಅಲೆಯ ವೇಗ ಸೆಕೆಂಡಿಗೆ 1,500 ಮೀಟರ್ ಇದ್ದರೆ ಅದು 0.5 ಹರ್ಟ್ಜ್, ಅಂದರೆ ಎರಡು ಸೆಕೆಂಡಿಗೆ ಒಂದು ಅಲೆ. ವೇಗವನ್ನು ನಂಬಿಕೆಯಿಂದ ಅಳೆಯಲು ಜೋಡಿ ಸೆನ್ಸರುಗಳ ಅಂತರ ಅಲೆಯುದ್ದದ ಎರಡು ಮೂರು ಪಟ್ಟು ಇರಬೇಕು, ಅಂದರೆ 6ರಿಂದ 9 ಕಿ.ಮೀ. ಹಾಗಾಗಿ 3 ಕಿ.ಮೀ. ಅಗಲದ ಜಾಗದಲ್ಲಿ ಎಷ್ಟೇ ಒತ್ತೊತ್ತಾಗಿ ಸೆನ್ಸರ್ ಹೂತರೂ 1 ಕಿ.ಮೀ. ಆಳದ ಸುದ್ದಿ ಬರುವುದಿಲ್ಲ. ಜೊತೆಗೆ, 2 ಕಿ.ಮೀ. ಆಳದಲ್ಲಿರುವ 30 ಮೀಟರ್ ದಪ್ಪದ ತೈಲ ತುಂಬಿದ ಮರಳುಗಲ್ಲಿನ ಪದರ 6 ಕಿ.ಮೀ. ಉದ್ದದ ಅಲೆಗೆ ಕಾಣುವುದೇ ಇಲ್ಲ. ಕೆಸರು ಪದರುಪದರಾಗಿ ತುಂಬಿ ಬಂಡೆಯಾದ ತಗ್ಗಿನ (ಬೇಸಿನ್) ಒಟ್ಟು ಆಕಾರ, ಗಟ್ಟಿ ಬುಡ ಎಷ್ಟು ಆಳದಲ್ಲಿದೆ, ಮೇಲಿನ ಪದರಗಳ ವೇಗ ಎಷ್ಟು ಎಂಬುದು ಸಿಗುತ್ತದೆ. ಕಾಡು, ಕಡಿದಾದ ಬೆಟ್ಟ, ಊರು, ಅಭಯಾರಣ್ಯ ಎಂದು ಸಿಡಿಮದ್ದಿಗೆ ಅನುಮತಿ ಸಿಗದ ಕಡೆ ಅಷ್ಟು ಸಿಕ್ಕರೂ ದೊಡ್ಡದು. ಮುಂದೆ ನೆಲ ಬಡಿದು ಮಾಡುವ ಪ್ರತಿಫಲನ ಸರ್ವೆಯ ಚಿತ್ರ ಸರಿಪಡಿಸಲು ಈ ವೇಗಗಳು ನೇರವಾಗಿ ಬಳಕೆಗೆ ಬರುತ್ತವೆ.

ಉಪಕರಣ, ಗುಂಡಿ, ಗಡಿಯಾರ

ಉಪಕರಣದ ಆಯ್ಕೆಯಲ್ಲಿ ಹೆಚ್ಚಾಗಿ ಆಗುವ ತಪ್ಪು ಎಂದರೆ ಗೋದಾಮಿನಲ್ಲಿರುವ 10 ಹರ್ಟ್ಜ್ ಜಿಯೋಫೋನುಗಳನ್ನೇ (ಸ್ಪ್ರಿಂಗು, ಅಯಸ್ಕಾಂತ, ತಂತಿ ಸುರುಳಿಯಿಂದ ನೆಲದ ಕಂಪನವನ್ನು ವಿದ್ಯುತ್ತಾಗಿಸುವ ಸೆನ್ಸರು) ಹೊತ್ತು ಹೋಗುವುದು. ಜಿಯೋಫೋನಿನ ಸ್ವಂತ ಆವರ್ತನಕ್ಕಿಂತ (ಅದರ ಹೆಸರಿನಲ್ಲಿರುವ ಹರ್ಟ್ಜ್) ಕೆಳಗೆ ಅದರ ಸ್ಪಂದನ ವರ್ಗದ ಪ್ರಮಾಣದಲ್ಲಿ ಕುಸಿಯುತ್ತದೆ. 0.5 ಹರ್ಟ್ಜ್‌ನಲ್ಲಿ 10 ಹರ್ಟ್ಜ್ ಜಿಯೋಫೋನ್ ಕೊಡುವುದು 400ರಲ್ಲಿ ಒಂದು ಪಾಲು ಮಾತ್ರ. 5 ಹರ್ಟ್ಜ್‌ನದ್ದು 100ರಲ್ಲಿ ಒಂದು ಪಾಲು. 5 ಹರ್ಟ್ಜ್‌ನದ್ದನ್ನು 24 ಬಿಟ್ ರೆಕಾರ್ಡರಿಗೆ ಜೋಡಿಸಿ, ಉಪಕರಣದ ಸ್ಪಂದನವನ್ನು ಲೆಕ್ಕದಲ್ಲಿ ಸರಿಪಡಿಸಿದರೆ ಗದ್ದಲ ಬಲವಾಗಿರುವ ಕಡೆ ಕೆಲಸ ನಡೆಯುತ್ತದೆ. ಇನ್ನೂ ಆಳ ಬೇಕೆಂದರೆ ತುಂಬಾ ನಿಧಾನದ ಕಂಪನವನ್ನೂ ಹಿಡಿಯುವ ಬ್ರಾಡ್‌ಬ್ಯಾಂಡ್ ಸೈಸ್ಮೋಮೀಟರೇ ಗತಿ. ಸಮುದ್ರದ ಅಲೆಗಳು ಎದುರುಬದುರಾಗಿ ಸೇರಿ ನೆಲಕ್ಕೆ ಕೊಡುವ ಒತ್ತಡದಿಂದ ಹುಟ್ಟುವ ಕಂಪನ ಸುಮಾರು 5ರಿಂದ 10 ಸೆಕೆಂಡ್ ಅವಧಿಯದು. 1950ರಲ್ಲಿ ಬ್ರಿಟಿಷ್ ಗಣಿತಜ್ಞ ಲಾಂಗೆಟ್ ಹಿಗ್ಗಿನ್ಸ್ ಇದರ ಕಾರಣ ವಿವರಿಸಿದರು. ಖಂಡಗಳ ಒಳನಾಡಿಗೂ ಮುಟ್ಟುವ ಈ ಕಂಪನವೇ ಆಳದ ಸರ್ವೆಗೆ ಇಂಧನ. ಅರಬ್ಬಿ ಸಮುದ್ರ ಮುಂಗಾರಿನಲ್ಲಿ ಕೆರಳಿದಾಗ ನಮ್ಮ ಕಡೆಯೂ ಅದು ಬಲಗೊಳ್ಳುತ್ತದೆ.

ಹೂಳುವ ಕೆಲಸ ನೋಡಲು ಸುಲಭ, ಕೆಡುವುದು ಅಲ್ಲೇ. 30ರಿಂದ 50 ಸೆಂ.ಮೀ. ಗುಂಡಿ ತೆಗೆದು, ತಳದ ಸಡಿಲ ಮಣ್ಣು ಕೆರೆದು ಗಟ್ಟಿ ನೆಲ ಮುಟ್ಟಿ, ಸೆನ್ಸರ್ ಇಟ್ಟು, ಗುಳ್ಳೆಮಟ್ಟದಿಂದ ಸಮ ನೋಡಿ, ಉತ್ತರ ದಿಕ್ಕಿಗೆ ಗುರುತು ತಿರುಗಿಸಿ, ಸುತ್ತಲೂ ಮಣ್ಣನ್ನು ಕೈಯಿಂದ ತುಂಬಿ ಗುದ್ದಿ ಗಟ್ಟಿ ಮಾಡಬೇಕು. ದಿಕ್ಸೂಚಿಯನ್ನು ಸೆನ್ಸರಿನ ಪಕ್ಕದಲ್ಲೇ ಹಿಡಿದರೆ ಒಳಗಿನ ಅಯಸ್ಕಾಂತ ಮುಳ್ಳನ್ನು ಎಳೆಯುತ್ತದೆ. ಒಂದು ಮೀಟರ್ ಆಚೆ ನಿಂತು ಗೆರೆ ಹಾಕಿಕೊಳ್ಳುವುದು ಕ್ಷೇಮ. ಮರದ ಬುಡ ಬೇಡವೇ ಬೇಡ, ಗಾಳಿಗೆ ಬೇರು ಅಲುಗಿ ಕೆಳ ಆವರ್ತನವನ್ನೆಲ್ಲ ಹಾಳು ಮಾಡುತ್ತದೆ. ಪಂಪ್‌ಸೆಟ್, ತಂತಿಬೇಲಿ, ಟವರ್ ಇವುಗಳಿಂದ ದೂರ ಇರಲಿ. ಕಪ್ಪು ಮಣ್ಣಿನ ನೆಲದಲ್ಲಿ ಮಳೆ ಬಿದ್ದರೆ ಮಣ್ಣು ಉಬ್ಬಿ ಸೆನ್ಸರ್ ಓರೆಯಾಗುತ್ತದೆ. ಮೂರು ದಿಕ್ಕಿನ ಕಂಪನ ಬರೆಯುವ ಸೆನ್ಸರಿನಲ್ಲಿ ಅಡ್ಡ ದಿಕ್ಕಿನ ಎರಡು ಚಾನೆಲ್‌ಗಳು ಇದ್ದಕ್ಕಿದ್ದಂತೆ ಸತ್ತಂತಾಗಿ ಲಂಬದ್ದು ಮಾತ್ರ ಸರಿ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಹೂಳುವ ಮೊದಲು ಮತ್ತು ಕಿತ್ತ ನಂತರ ಎಲ್ಲ ಸೆನ್ಸರುಗಳನ್ನು ಒಂದೇ ಜಾಗದಲ್ಲಿ ಒತ್ತಾಗಿ ಇಟ್ಟು ಕೆಲವು ಗಂಟೆ ದಾಖಲಿಸಬೇಕು. ಎಲ್ಲವೂ ಒಂದೇ ಕಂಪನ ಕಾಣುವುದರಿಂದ ಯಾವುದರ ಧ್ರುವ ತಿರುಗುಮುರುಗಾಗಿದೆ, ಯಾವುದರ ಸ್ಪ್ರಿಂಗ್ ಸೋತಿದೆ ಎಂಬುದು ತಕ್ಷಣ ಗೊತ್ತಾಗುತ್ತದೆ. ಈ ಪರೀಕ್ಷೆ ಬಿಟ್ಟು ತಂದ ಡೇಟಾಕ್ಕೆ ನನ್ನ ದೃಷ್ಟಿಯಲ್ಲಿ ಅರ್ಧ ಬೆಲೆ.

ಗಡಿಯಾರದ ವಿಷಯ ಇನ್ನೂ ಸೂಕ್ಷ್ಮ. ಜಿಪಿಎಸ್ ತಪ್ಪಿದ ರೆಕಾರ್ಡರಿನ ಗಡಿಯಾರ ದಶಲಕ್ಷದಲ್ಲಿ ಒಂದು ಪಾಲು ಓಡಿದರೂ ದಿನಕ್ಕೆ 86 ಮಿಲಿಸೆಕೆಂಡ್ ತಪ್ಪುತ್ತದೆ. ನಾವು ಹುಡುಕುವ ವೇಗದ ಬದಲಾವಣೆ ಎಷ್ಟೋ ಸಲ ಸಾವಿರದಲ್ಲಿ ಒಂದು ಪಾಲು. ಕೋರಿಲೇಶನ್ನಿನ ಬಾಲದಲ್ಲಿ (ತಡವಾಗಿ ಬರುವ ಅಲೆಗಳ ಭಾಗ) 20 ಸೆಕೆಂಡಿನ ಹತ್ತಿರ ಅದು ಬರೀ 20 ಮಿಲಿಸೆಕೆಂಡಿನ ಸರಿತ. ಅಂದರೆ ಗಡಿಯಾರದ ಒಂದು ದಿನದ ತಪ್ಪೇ ಇಡೀ ಉತ್ತರವನ್ನು ನುಂಗಿಬಿಡುತ್ತದೆ. ಅದೃಷ್ಟಕ್ಕೆ ಎರಡನ್ನೂ ಬೇರ್ಪಡಿಸುವ ಉಪಾಯ ಇದೆ. ಕೋರಿಲೇಶನ್ನಿಗೆ ಎ ಯಿಂದ ಬಿ ಗೆ, ಬಿ ಯಿಂದ ಎ ಗೆ ಎಂದು ಎರಡು ರೆಕ್ಕೆಗಳು ಇರುತ್ತವೆ. ಗಡಿಯಾರ ತಪ್ಪಿದ್ದರೆ ಎರಡೂ ರೆಕ್ಕೆಗಳು ಒಂದೇ ಕಡೆಗೆ ಜರುಗುತ್ತವೆ. ನೆಲದ ವೇಗ ನಿಜವಾಗಿ ಬದಲಾಗಿದ್ದರೆ ಎರಡೂ ಸೊನ್ನೆಯಿಂದ ಸಮವಾಗಿ ಹಿಗ್ಗುತ್ತವೆ ಇಲ್ಲವೇ ಕುಗ್ಗುತ್ತವೆ.

ಕಚೇರಿಯ ಕೆಲಸ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ ಕ್ರಮದ್ದು. ದಾಖಲೆಯನ್ನು ಅರ್ಧ ಗಂಟೆಯ ಅಥವಾ ಒಂದು ಗಂಟೆಯ ತುಂಡು ಮಾಡಿ, ಸರಾಸರಿ ಮತ್ತು ಓರೆ ತೆಗೆದು, ಉಪಕರಣದ ಸ್ಪಂದನ ಸರಿಪಡಿಸಿ, ಬೇಕಾದ ಆವರ್ತನಕ್ಕೆ ಫಿಲ್ಟರ್ ಹಾಕುತ್ತಾರೆ. ಭೂಕಂಪ ಅಥವಾ ಪಕ್ಕದಲ್ಲೇ ಹಾದ ಟ್ರ್ಯಾಕ್ಟರ್ ಇಡೀ ತುಂಡನ್ನು ಆಳದಂತೆ ವೈಶಾಲ್ಯವನ್ನು ಸಮ ಮಾಡುತ್ತಾರೆ, ಒಂದೇ ಆವರ್ತನ ಮೆರೆಯದಂತೆ ಸ್ಪೆಕ್ಟ್ರಮ್ಮನ್ನೂ (ಯಾವ ಆವರ್ತನ ಎಷ್ಟು ಬಲ ಎಂಬುದು) ಸಮ ಮಾಡುತ್ತಾರೆ. ಆಮೇಲೆ ಪ್ರತಿ ಜೋಡಿಗೂ ಕೋರಿಲೇಶನ್, ಕೂಡಿಕೆ, ಆವರ್ತನಕ್ಕೊಂದರಂತೆ ವೇಗದ ಅಳತೆ, ನಕ್ಷೆ, ಕೊನೆಗೆ ಆಳಕ್ಕೆ ಪರಿವರ್ತನೆ. ಸ್ಪಷ್ಟತೆ ಕಾಲದ ವರ್ಗಮೂಲದಂತೆ ಏರುತ್ತದೆ. ಎರಡು ಪಟ್ಟು ಸ್ಪಷ್ಟ ಬೇಕಾದರೆ ನಾಲ್ಕು ಪಟ್ಟು ದಿನ ಕಾಯಬೇಕು.

ಇಲ್ಲಿ ದಾರಿ ತಪ್ಪಿಸುವುದು ಗದ್ದಲದ ದಿಕ್ಕು. ಗಣಿತ ಕೇಳುವುದು ಎಲ್ಲ ದಿಕ್ಕಿನಿಂದ ಬರುವ ಗದ್ದಲ. ಕ್ಷೇತ್ರದಲ್ಲಿ ಇರುವುದು ಒಂದು ಪಕ್ಕ ಹೆದ್ದಾರಿ, ಇನ್ನೊಂದು ಪಕ್ಕ ತೈಲ ಎತ್ತುವ ಪಂಪುಗಳು. ಗದ್ದಲ ಜೋಡಿಯ ರೇಖೆಗೆ ಅಡ್ಡವಾಗಿ ಬಂದರೆ ಎರಡೂ ಸೆನ್ಸರುಗಳಿಗೆ ಬಹುತೇಕ ಒಂದೇ ಹೊತ್ತಿಗೆ ಮುಟ್ಟಿ, ವೇಗ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಕೋರಿಲೇಶನ್ನಿಗೆ ಮುಂಚೆ ಸೆನ್ಸರುಗಳ ಗುಂಪನ್ನೇ ಬಳಸಿ ಗದ್ದಲ ಯಾವ ದಿಕ್ಕಿನಿಂದ, ಯಾವ ವೇಗದಲ್ಲಿ ಬರುತ್ತಿದೆ ಎಂದು ನೋಡಲೇಬೇಕು. ಈ ತಂತ್ರ ಕರ್ನಾಟಕಕ್ಕೆ ಹಳೆಯದು: 1965ರಲ್ಲಿ ಸ್ಥಾಪನೆಯಾದ ಗೌರಿಬಿದನೂರಿನ ಕೇಂದ್ರದಲ್ಲಿ ಎಲ್ ಆಕಾರದಲ್ಲಿ ಹರಡಿದ 20 ಸೈಸ್ಮೋಮೀಟರುಗಳ ದಾಖಲೆಯನ್ನು ಹೀಗೆಯೇ ಹೊಂದಿಸಿ ಕೂಡಿಸಿ ದೂರದ ಭೂಗತ ಅಣುಸ್ಫೋಟಗಳನ್ನು ಪತ್ತೆ ಮಾಡುತ್ತಾರೆ. ಹುಡುಕುವ ವಸ್ತು ಬೇರೆ, ಲೆಕ್ಕ ಒಂದೇ.

3 ಹರ್ಟ್ಜ್‌ನ ಮೋಹ

ತೈಲ ಇರುವ ಕಡೆ ನೆಲ 2ರಿಂದ 4 ಹರ್ಟ್ಜ್‌ನಲ್ಲಿ ವಿಶೇಷವಾಗಿ ಗುನುಗುತ್ತದೆ, ಅದನ್ನು ಅಳೆದರೆ ಸಾಕು, ಬಾವಿ ಎಲ್ಲಿ ಕೊರೆಯಬೇಕೆಂದು ಗೊತ್ತಾಗುತ್ತದೆ ಎಂಬ ವಾದ 2000ದ ದಶಕದಲ್ಲಿ ಜೋರಾಗಿತ್ತು. ಈಗಲೂ ಇದನ್ನು ಮಾರುವವರು ಇದ್ದಾರೆ. ನಾನು ಇದನ್ನು ನಂಬುವುದಿಲ್ಲ. ಕಾರಣ ಸರಳ. ಮೃದು ಮಣ್ಣಿನ ಪದರದ ಅನುರಣನ ಆವರ್ತನ ಎಂದರೆ ಅಡ್ಡಅಲೆಯ (ತಾನು ಓಡುವ ದಿಕ್ಕಿಗೆ ಅಡ್ಡಲಾಗಿ ನೆಲ ಅಲುಗಿಸುವ ಅಲೆ) ವೇಗವನ್ನು ದಪ್ಪದ ನಾಲ್ಕು ಪಟ್ಟಿನಿಂದ ಭಾಗಿಸಿದ್ದು. ಸೆಕೆಂಡಿಗೆ 250 ಮೀಟರ್ ವೇಗದ, 20 ಮೀಟರ್ ದಪ್ಪದ ಮೆಕ್ಕಲು ಮಣ್ಣು ತಾನಾಗಿಯೇ 3 ಹರ್ಟ್ಜ್‌ನಲ್ಲಿ ಅನುರಣಿಸುತ್ತದೆ. ರಸ್ತೆ ಮತ್ತು ಯಂತ್ರಗಳ ಕಂಪನ ಬೀಳುವುದೂ ಇದೇ ಪಟ್ಟಿಯಲ್ಲಿ. ತೈಲಕ್ಷೇತ್ರದ ಮೇಲೆ ಯಂತ್ರಗಳು ಹೆಚ್ಚು, ಹಾಗಾಗಿ ಕ್ಷೇತ್ರದ ಮೇಲೆ ಕಂಪನವೂ ಹೆಚ್ಚು.

ಯಾರಾದರೂ ಅಂಥ ನಕ್ಷೆ ಮುಂದಿಟ್ಟರೆ ಮೂರು ವಿಷಯ ಕೇಳಿ. ಒಂದು ವಾರದ ನಿರಂತರ ಸ್ಪೆಕ್ಟ್ರೋಗ್ರಾಮ್ (ಯಾವ ಹೊತ್ತಿಗೆ ಯಾವ ಆವರ್ತನ ಎಷ್ಟು ಬಲವಾಗಿತ್ತು ಎಂಬ ಚಿತ್ರ) ಕೊಡಿ ಎನ್ನಿ. ರಾತ್ರಿ ಮತ್ತು ರಜಾದಿನ ಕಂಪನ ಇಳಿದರೆ ಅದು ಮನುಷ್ಯರದ್ದು. ಕ್ಷೇತ್ರದ ಹೊರಗೆ, ಅದೇ ಮಣ್ಣಿನ ಮೇಲೆ ತೆಗೆದ ದಾಖಲೆ ಇದೆಯೇ ಕೇಳಿ. ಆಳದ ಕೊಳವೆಯೊಳಗೆ ಇಟ್ಟ ಸೆನ್ಸರಿನಲ್ಲೂ ಅದು ಕಾಣುತ್ತದೆಯೇ ಕೇಳಿ. ಕೆಳಗೆ ಹೋದಂತೆ ಕ್ಷೀಣಿಸಿದರೆ ಅದು ಮೇಲ್ಮೈ ಅಲೆ, ಕೆಳಗಿನಿಂದ ಬಂದದ್ದಲ್ಲ.

ವಾಲ್‌ಹಾಲ್: ಗದ್ದಲದಿಂದ ನಿಗಾ

ನಿಗಾ ಕೆಲಸಕ್ಕೆ ಒಳ್ಳೆಯ ಉದಾಹರಣೆ ನಾರ್ವೆಯ ಉತ್ತರ ಸಮುದ್ರದ ವಾಲ್‌ಹಾಲ್ ಕ್ಷೇತ್ರ. ಅಲ್ಲಿ ನೀರಿನ ಆಳ 70 ಮೀಟರಿನಷ್ಟು, ತೈಲ ಇರುವುದು ಸುಮಾರು 2.4 ಕಿ.ಮೀ. ಕೆಳಗಿನ ಸುಣ್ಣದ ಪದರದಲ್ಲಿ. ತೈಲ ತೆಗೆದಂತೆ ಮೆತ್ತನೆಯ ಆ ಪದರ ಅಮುಕಿಕೊಂಡು ಸಮುದ್ರತಳವೇ ಮೀಟರುಗಟ್ಟಲೆ ಕುಸಿದಿದೆ. 2003ರಲ್ಲಿ ಸಮುದ್ರತಳದಲ್ಲಿ ಸುಮಾರು 120 ಕಿ.ಮೀ. ಕೇಬಲ್ ಹೂತು, 2,300ಕ್ಕೂ ಹೆಚ್ಚು ಸೆನ್ಸರುಗಳನ್ನು ಶಾಶ್ವತವಾಗಿ ಅಳವಡಿಸಿದರು. ಕೇಬಲಿನ ಉದ್ದಕ್ಕೂ 50 ಮೀಟರಿಗೆ ಒಂದು, ಕೇಬಲಿನಿಂದ ಕೇಬಲಿಗೆ 300 ಮೀಟರ್. ಉದ್ದೇಶ ಇದ್ದದ್ದು ಏರ್‌ಗನ್ ಹಾರಿಸಿ ಆಗಾಗ ಸರ್ವೆ ಮಾಡುವುದು. ಆದರೆ ಏರ್‌ಗನ್ ಇಲ್ಲದ ಹೊತ್ತಿನ ಕೆಲವೇ ಗಂಟೆಗಳ ಗದ್ದಲದಿಂದ ಸಂಶೋಧಕರು ಸಮುದ್ರತಳದ ಮೇಲ್ಮೈ ಅಲೆಗಳನ್ನು ಹೊರತೆಗೆದು, ತಳದ ಕೆಳಗೆ ಹೂತುಹೋದ ಪ್ರಾಚೀನ ನದಿಪಾತ್ರಗಳನ್ನು ನಕ್ಷೆಯಲ್ಲಿ ಕಂಡರು. ಸೆನ್ಸರುಗಳು ಇಷ್ಟು ಒತ್ತಾಗಿದ್ದುದರಿಂದಲೇ ಅಷ್ಟು ಕಡಿಮೆ ಅವಧಿ ಸಾಕಾಯಿತು. ಕಾಲದ ಕೊರತೆಯನ್ನು ಜೋಡಿಗಳ ಸಂಖ್ಯೆ ತುಂಬಿತು. ಆಮೇಲೆ 2004 ಮತ್ತು 2010ರ ದಾಖಲೆಗಳನ್ನು ಹೋಲಿಸಿದಾಗ ಅಲೆಯ ವೇಗದ ಬದಲಾವಣೆ ಕುಸಿತದ ವಿನ್ಯಾಸಕ್ಕೆ ಹೊಂದಿಕೊಂಡಿತು.

ಇದರಲ್ಲಿ ಕಂಡದ್ದು ಮೇಲಿನ ಕೆಲವು ನೂರು ಮೀಟರ್ ಮಾತ್ರ, 2.4 ಕಿ.ಮೀ. ಕೆಳಗಿನ ತೈಲವಲ್ಲ. ಆದರೂ ಅದರ ಬೆಲೆ ದೊಡ್ಡದು. ತಳ ಕುಸಿಯುವಾಗ ಮೇಲಿನ ಪದರಗಳು ಎಲ್ಲಿ ಹಿಗ್ಗುತ್ತಿವೆ, ಎಲ್ಲಿ ಅಮುಕುತ್ತಿವೆ ಎಂದು ಗೊತ್ತಿದ್ದರೆ ಬಾವಿಯ ಉಕ್ಕಿನ ಕೊಳವೆ ಎಲ್ಲಿ ಬಾಗೀತು ಎಂದು ಮೊದಲೇ ಅಂದಾಜಿಸಬಹುದು. ನೆಲದ ಮೇಲೆ ಇದೇ ಕೆಲಸ ಮಾಡುವವರು ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂತರ್ಜಲ ಏರಿಳಿದರೂ ವೇಗ ಸಾವಿರದಲ್ಲಿ ಒಂದು ಪಾಲಿನಷ್ಟು ಬದಲಾಗುತ್ತದೆ. ಒಂದು ವರ್ಷದ ಋತುಚಕ್ರ ಪೂರ್ತಿ ಕಾಣುವ ಮುನ್ನ ‘ನಿಕ್ಷೇಪದಲ್ಲಿ ಬದಲಾವಣೆ’ ಎಂದು ವರದಿ ಬರೆಯುವುದು ಆತುರ.

ಬಂಡೆ ಬಿರಿಯುವುದನ್ನು ಹಿಡಿಯುವುದು

ಇನ್ನೊಂದು ಕವಲು ಸೂಕ್ಷ್ಮಕಂಪನದ್ದು. ಬಾವಿಗೆ ಒತ್ತಡದಲ್ಲಿ ನೀರು ನುಗ್ಗಿಸಿದಾಗ, ಇಲ್ಲವೇ ತೈಲ ತೆಗೆದು ಒತ್ತಡ ಇಳಿದಾಗ ಬಂಡೆ ಸಣ್ಣದಾಗಿ ಜಾರುತ್ತದೆ. ಭೂಕಂಪದ ಅಳತೆಗೋಲಿನಲ್ಲಿ ಮೈನಸ್ 2 ಪ್ರಮಾಣದ ಕಂಪನ ಎಂದರೆ ಸುಮಾರು ಒಂದು ಮೀಟರ್ ತ್ರಿಜ್ಯದ ಬಿರುಕು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಸರಿದದ್ದು. ನೆಲದ ಮೇಲೆ ಒಂದೇ ಸೆನ್ಸರ್ ಇಟ್ಟು ಇದನ್ನು ಕೇಳಲಾಗದು. ಒಂದೋ ನೂರಾರು ಸಾವಿರಾರು ಸೆನ್ಸರ್ ಹರಡಿ ಕೂಡಿಸಬೇಕು, ಇಲ್ಲವೇ ಪಕ್ಕದ ಬಾವಿಯೊಳಗೆ ಇಳಿಯಬೇಕು. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಸಿಡಿತದ ಮೇಲೆ ಕಣ್ಣಿಡಲು ಹಾಕಿದ್ದ ಜಾಲದ ತತ್ವವೂ ಇದೇ.

ಬಾವಿಯೊಳಗೆ ಹತ್ತು ಇಪ್ಪತ್ತು ಮೂರು ದಿಕ್ಕಿನ ಜಿಯೋಫೋನುಗಳನ್ನು 10ರಿಂದ 30 ಮೀಟರ್ ಅಂತರದಲ್ಲಿ ಇಳಿಬಿಟ್ಟು, ಪ್ರತಿಯೊಂದನ್ನೂ ಲೋಹದ ತೋಳಿನಿಂದ ಕೊಳವೆಯ ಗೋಡೆಗೆ ಒತ್ತಿ ಹಿಡಿಸುತ್ತಾರೆ. ಒಂದು ತೋಳು ಸರಿಯಾಗಿ ಕಚ್ಚದಿದ್ದರೆ ಆ ಜಿಯೋಫೋನ್ ತನ್ನದೇ ಆವರ್ತನದಲ್ಲಿ ಝೇಂಕರಿಸುತ್ತದೆ. ಇಳಿಯುವಾಗ ಕೇಬಲ್ ತಿರುಚಿಕೊಳ್ಳುವುದರಿಂದ ಯಾವುದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಮದ್ದು, ಜಾಗ ಗೊತ್ತಿರುವ ಸಣ್ಣ ಸ್ಫೋಟ. ಕೊಳವೆಗೆ ರಂಧ್ರ ಮಾಡುವ ಪರ್ಫೊರೇಶನ್ ಸ್ಫೋಟವೇ ಸಾಕು. ಆ ಸ್ಫೋಟದ ಮೊದಲ ಅಲೆ ಬಂದ ದಿಕ್ಕಿನಿಂದ ಪ್ರತಿ ಜಿಯೋಫೋನಿನ ತಿರುವನ್ನು ಲೆಕ್ಕ ಹಾಕಬಹುದು. ವಿಧಾನ ಪ್ಯಾಸಿವ್ ಎಂದು ಹೆಸರಾದರೂ ಈ ಒಂದು ಬಡಿತ ಇಲ್ಲದೆ ಮುಂದಿನ ಯಾವ ಸ್ಥಾನವೂ ನಂಬುವಂತಿರುವುದಿಲ್ಲ.

ದೂರ ಅಳೆಯುವುದು ಒತ್ತಡದ ಅಲೆ ಮತ್ತು ಅಡ್ಡಅಲೆ ಬಂದ ಹೊತ್ತಿನ ಅಂತರದಿಂದ. ಮೊದಲನೆಯದರ ವೇಗ ಸೆಕೆಂಡಿಗೆ 4,000 ಮೀಟರ್, ಎರಡನೆಯದರದು 2,350 ಮೀಟರ್ ಎನ್ನಿ. ಅಂತರ 100 ಮಿಲಿಸೆಕೆಂಡ್ ಬಂದರೆ ಕಂಪನ ಸುಮಾರು 570 ಮೀಟರ್ ದೂರದಲ್ಲಿ ಆಗಿದೆ. ಅಡ್ಡಅಲೆಯ ಆರಂಭವನ್ನು 10 ಮಿಲಿಸೆಕೆಂಡ್ ತಪ್ಪಾಗಿ ಗುರುತಿಸಿದರೆ ಸ್ಥಾನ 57 ಮೀಟರ್ ತಪ್ಪುತ್ತದೆ. ಅದಕ್ಕೇ ಅರ್ಧ ಮಿಲಿಸೆಕೆಂಡಿಗೆ ಒಂದರಂತೆ ಅಥವಾ ಅದಕ್ಕಿಂತ ನುಣುಪಾಗಿ ದಾಖಲಿಸುವುದು. ಇದಕ್ಕಿಂತ ದೊಡ್ಡ ತಪ್ಪು ಬರುವುದು ವೇಗದ ಮಾದರಿಯಿಂದ. ತೆಳು ಪದರಗಳ ಶೇಲ್ ಬಂಡೆಯಲ್ಲಿ ಪದರದ ಉದ್ದಕ್ಕೆ ಓಡುವ ಅಲೆ ಪದರಕ್ಕೆ ಅಡ್ಡ ಓಡುವುದಕ್ಕಿಂತ ವೇಗವಾಗಿರುತ್ತದೆ. ಲಂಬ ಬಾವಿಯೊಳಗೆ ಉಪಕರಣ ಇಳಿಸಿ ಮಾಡಿದ ಲಾಗ್‌ನಿಂದ ತೆಗೆದ ವೇಗವನ್ನೇ ಅಡ್ಡ ದಾರಿಗೂ ಹಚ್ಚಿದರೆ ಕಂಪನಗಳೆಲ್ಲ ಬಾವಿಯ ಕಡೆಗೆ ಸರಿದು ಕಾಣುತ್ತವೆ. ಪರ್ಫೊರೇಶನ್ ಸ್ಫೋಟವನ್ನು ಆ ಮಾದರಿಯಲ್ಲೇ ಹುಡುಕಿಸಿ ನೋಡಿ. ಅದು ತನ್ನ ನಿಜ ಜಾಗಕ್ಕೆ ಬಂದು ಕೂರುವವರೆಗೂ ಮಾದರಿ ತಿದ್ದಬೇಕು.

ಇಷ್ಟೆಲ್ಲ ಮಾಡಿ ಏನು ಲಾಭ ಎಂಬುದಕ್ಕೆ ಕೊಲರಾಡೋದ ರೇಂಜ್ಲಿ ಕ್ಷೇತ್ರ ಸಾಕ್ಷಿ. 1969ರಿಂದ 1973ರವರೆಗೆ ಅಮೆರಿಕದ ಭೂಗರ್ಭ ಸಮೀಕ್ಷೆಯವರು ಅಲ್ಲಿ ಬಾವಿಗಳಲ್ಲಿ ನೀರಿನ ಒತ್ತಡ ಏರಿಸಿ ಇಳಿಸಿ ನೋಡಿದರು. ಒತ್ತಡ ಸುಮಾರು 26 ಮೆಗಾಪ್ಯಾಸ್ಕಲ್ ದಾಟಿದಾಗ ಕಂಪನ ಹೆಚ್ಚಿತು, ಇಳಿಸಿದಾಗ ತಗ್ಗಿತು. ಇದಕ್ಕೆ ಎದುರಾದ ಪಾಠ ಉತ್ತರ ಸಮುದ್ರದ ತೈಲಕ್ಷೇತ್ರ ಎಕೋಫಿಸ್ಕ್‌ನದು. 2001ರ ಮೇ 7ರಂದು ಅಲ್ಲಿ 4ಕ್ಕೂ ಮಿಗಿಲಾದ ಪ್ರಮಾಣದ ಕಂಪನ ಆಯಿತು. ತೈಲದ ಪದರಕ್ಕೆ ಹೋಗಬೇಕಿದ್ದ ನೀರು ಅರಿವಿಲ್ಲದೆ ಮೇಲಿನ ಪದರಕ್ಕೆ ನುಗ್ಗುತ್ತಿದ್ದುದು ಆಮೇಲೆ ಗೊತ್ತಾಯಿತು. ನೀರು ಎಲ್ಲಿ ಹೋಗುತ್ತಿದೆ ಎಂಬುದನ್ನು ಒತ್ತಡದ ಮೀಟರ್ ಒಂದೇ ಹೇಳಲಾರದು. ಬಿರಿಯುವ ಬಂಡೆಯ ಸ್ಥಾನ ಹೇಳುತ್ತದೆ.

ಈಚೆಗೆ ಬಾವಿಯ ಕೊಳವೆಯ ಹೊರಗೆ ಆಪ್ಟಿಕಲ್ ಫೈಬರ್ ಕಟ್ಟಿ, ಲೇಸರ್ ಮಿಣುಕಿನ ಚದುರಿಕೆಯಿಂದ ಕಂಪನ ಅಳೆಯುವ ಕ್ರಮ ಬಂದಿದೆ. ಇಡೀ ಬಾವಿ ಉದ್ದಕ್ಕೂ ಕೆಲವು ಮೀಟರಿಗೊಂದು ಸೆನ್ಸರ್ ಇದ್ದಂತಾಗುತ್ತದೆ, ಬಾವಿಯನ್ನು ಮತ್ತೆ ಮತ್ತೆ ನಿಲ್ಲಿಸಬೇಕಿಲ್ಲ. ಫೈಬರ್ ತನ್ನ ಉದ್ದದ ದಿಕ್ಕಿನ ಎಳೆತ ಮಾತ್ರ ಅರಿಯುತ್ತದೆ. ಅಡ್ಡಲಾಗಿ ಬಂದು ಬಡಿಯುವ ಒತ್ತಡದ ಅಲೆ ಅದಕ್ಕೆ ಬಹುತೇಕ ಕಾಣುವುದಿಲ್ಲ. ಒಂದು ಬಾವಿಯ ಫೈಬರ್ ಮಾತ್ರ ನಂಬಿ ಸ್ಥಾನ ಗುರುತಿಸಿದರೆ ಕಂಪನ ಬಾವಿಯ ಸುತ್ತ ಯಾವ ಕಡೆಯದ್ದು ಎಂಬುದು ತೀರ್ಮಾನವಾಗದೆ ಉಳಿಯುತ್ತದೆ. ಕೆಲವು ಜಿಯೋಫೋನ್ ಜೊತೆಗಿರಲೇಬೇಕು.

ಡೇಟಾ ಇಡುವ ಬಗ್ಗೆ ಒಂದು ಲೆಕ್ಕ. ಮೂರು ದಿಕ್ಕಿನ 100 ಕೇಂದ್ರಗಳು, ಸೆಕೆಂಡಿಗೆ 250 ಮಾದರಿ, ಮಾದರಿಗೆ 4 ಬೈಟ್ ಎಂದರೆ ದಿನಕ್ಕೆ ಸುಮಾರು 26 ಜಿಬಿ, ತಿಂಗಳಿಗೆ ಹತ್ತಿರ ಹತ್ತಿರ 780 ಜಿಬಿ. ಜಾಗ ಉಳಿಸಲು ಕಂಪನ ಕಂಡ ತುಂಡುಗಳನ್ನು ಮಾತ್ರ ಇಟ್ಟು ಉಳಿದದ್ದನ್ನು ಅಳಿಸುವ ಅಭ್ಯಾಸ ಕೆಲವು ಗುತ್ತಿಗೆದಾರರಿಗೆ ಇದೆ. ಗುತ್ತಿಗೆ ಪತ್ರದಲ್ಲೇ ನಿರಂತರ ಮೂಲ ದಾಖಲೆ, ಪ್ರತಿ ಸೆನ್ಸರಿನ ಸ್ಪಂದನದ ಕಡತ, ಜಿಪಿಎಸ್ ಹಿಡಿದ ಮತ್ತು ತಪ್ಪಿದ ಹೊತ್ತಿನ ಪಟ್ಟಿ, ಒಟ್ಟಿಗೆ ಇಟ್ಟು ಮಾಡಿದ ಪರೀಕ್ಷೆಯ ದಾಖಲೆ ಇವಿಷ್ಟನ್ನೂ ಒಪ್ಪಿಸಬೇಕು ಎಂದು ಬರೆಸಿಕೊಳ್ಳಿ. ವೇಗದ ಮಾದರಿ ಸುಧಾರಿಸಿದ ದಿನ ಹಳೆಯ ಕಂಪನಗಳನ್ನೆಲ್ಲ ಹೊಸದಾಗಿ ಸ್ಥಾನ ಗುರುತಿಸಲು ಅವೇ ಬೇಕಾಗುತ್ತವೆ.